ಲಟ್ಟಿಸುವ ಹಿಟ್ಟು, ತಟ್ಟುವ ಹಿಟ್ಟು: ಒಂದೇ ಮನೆಯ ಎರಡು ಪ್ರಶ್ನೆಗಳು

ನಾನು ಆಹಾರ ತಜ್ಞೆ. ನನ್ನ ಹತ್ತಿರ ಬರುವವರಲ್ಲಿ ವಾರಕ್ಕೆ ಮೂರ್ನಾಲ್ಕು ಜನ ಕೇಳುವ ಪ್ರಶ್ನೆ ಒಂದೇ: "ಗ್ಲುಟನ್, ಕಾರ್ಬ್ ಎಲ್ಲ ಬಿಟ್ಟುಬಿಡಬೇಕಾ ಮೇಡಂ?" ಗ್ಲುಟನ್ ಗೋಧಿಯಲ್ಲಿರುವ ಪ್ರೋಟೀನು, ಕಾರ್ಬ್ ಅಂದರೆ ಎಲ್ಲ ಧಾನ್ಯದಲ್ಲೂ ಇರುವ ಪಿಷ್ಟ, ಸಕ್ಕರೆ. ಎರಡೂ ಬೇರೆ ಬೇರೆ, ಆದರೂ ಒಂದೇ ಉಸಿರಲ್ಲಿ ಕೇಳುತ್ತಾರೆ. ಈ ಗೊಂದಲ ಒಂದು ಮನೆಯಲ್ಲಿ ಏನೆಲ್ಲ ಮಾಡಿತು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಮನೆಯವರ ಒಪ್ಪಿಗೆ ಇದೆ. ವಯಸ್ಸು, ಕೆಲಸ, ಗುರುತು ಸಿಗುವಂಥ ಇತರ ವಿವರಗಳನ್ನು ಬದಲಾಯಿಸಿದ್ದೇನೆ.

ಹಿನ್ನೆಲೆ

ಹಳೇ ಮೈಸೂರು ಕಡೆಯ ಒಂದು ಸಣ್ಣ ಪಟ್ಟಣ. ಅಪ್ಪ ನಿವೃತ್ತ ಮೇಷ್ಟ್ರು, 61 ವರ್ಷ. 9 ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅಮ್ಮ ಮನೆ ನೋಡಿಕೊಳ್ಳುತ್ತಾರೆ. ಮಗನಿಗೆ ಬೆಂಗಳೂರಲ್ಲಿ ಕೆಲಸ. ಮಗಳಿಗೆ 26, ಅಪ್ಪ ಅಮ್ಮನ ಜೊತೆಗೇ ಇದ್ದಾಳೆ.

ಮೊದಲು ಇದು ಮುದ್ದೆ, ಅನ್ನ, ಸಾರಿನ ಮನೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗ ಯಾರೋ ಹೇಳಿದರು, "ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನಿ." ಗೋಧಿ ಆ ಮನೆಗೆ ಬಂದದ್ದು ಹಾಗೆ. ಒಬ್ಬರಿಗೆ ಬೇರೆ ಅಡುಗೆ ಯಾಕೆ ಅಂತ ಅಮ್ಮ ಎಲ್ಲರಿಗೂ ಚಪಾತಿ ಮಾಡಿದರು. ಬೆಳಿಗ್ಗೆ ಉಪ್ಪಿಟ್ಟು ಇಲ್ಲಾ ಶಾವಿಗೆ, ಸಂಜೆ ಟೀ ಜೊತೆ ಬಿಸ್ಕತ್ತು. ತಿಂಗಳಿಗೆ 2 ಕೆಜಿ ಸಾಲುತ್ತಿದ್ದ ಗೋಧಿ ಹಿಟ್ಟು 10 ಕೆಜಿ ಆಯಿತು. ಉಪ್ಪಿಟ್ಟಿನ ರವೆಯೂ ಗೋಧಿಯೇ ಅನ್ನೋದು ಯಾರ ತಲೆಗೂ ಬಂದಿರಲಿಲ್ಲ.

ಮಗಳಿಗೆ ನಾಲ್ಕೈದು ವರ್ಷದಿಂದ ಹೊಟ್ಟೆ ಉಬ್ಬರ, ಆಗಾಗ ಭೇದಿ, ಬಾಯಿಹುಣ್ಣು, ಕೂದಲು ಉದುರುವುದು. ಹಿಮೋಗ್ಲೋಬಿನ್ 8.4 ಇತ್ತು. ಕಬ್ಬಿಣದ ಮಾತ್ರೆಯನ್ನು ಮೂರು ಸಲ, ಒಂದೊಂದು ಸಲ ಮೂರು ತಿಂಗಳು ತಿಂದಳು. ಏರಿದ್ದು ಸ್ವಲ್ಪ, ಮತ್ತೆ ಇಳಿದದ್ದು ಜಾಸ್ತಿ. "ಮುಟ್ಟಿನ ದಿನಗಳಲ್ಲಿ ಹೀಗೇ ಆಗುತ್ತೆ, ಸರಿಯಾಗಿ ಊಟ ಮಾಡಮ್ಮ" ಅಂತ ಹೇಳಿ ಕಳಿಸಿದವರೇ ಎಲ್ಲ. ಮಾತ್ರೆ ತಿಂದರೂ ಕಬ್ಬಿಣ ಮೈಗೆ ಹತ್ತುತ್ತಿಲ್ಲ ಅಂದರೆ ಕರುಳು ಅದನ್ನು ಹೀರುತ್ತಿದೆಯಾ ಅಂತ ನೋಡಬೇಕಿತ್ತು. ಯಾರೂ ನೋಡಲಿಲ್ಲ.

ಯುಗಾದಿಯ ಜಗಳ

ಯುಗಾದಿಗೆ ಮಗ ಊರಿಗೆ ಬಂದ. ತಿಂಗಳುಗಟ್ಟಲೆ ವಿಡಿಯೋ ನೋಡಿದ್ದ, ತಾನೂ ಗೋಧಿ ಬಿಟ್ಟು 5 ಕೆಜಿ ಇಳಿದಿದ್ದ. ಒಬ್ಬಟ್ಟಿನ ಊಟ ಮುಗಿದ ಮೇಲೆ ಮಾತು ತೆಗೆದ. "ಅಪ್ಪನ ಶುಗರ್ರಿಗೂ ಇವಳ ಹೊಟ್ಟೆಗೂ ಕಾರಣ ಒಂದೇ. ಗ್ಲುಟನ್ನು, ಕಾರ್ಬು. ನಾಳೆಯಿಂದ ಮನೆಯಲ್ಲಿ ಚಪಾತಿ, ಅನ್ನ, ಮುದ್ದೆ ಯಾವುದೂ ಬೇಡ." ಅಮ್ಮನಿಗೆ ರೇಗಿತು. "ನಿಮ್ಮ ತಾತ ದಿನಾ ಎರಡು ಹೊತ್ತು ಮುದ್ದೆ ತಿಂದು 88 ವರ್ಷ ಬದುಕಲಿಲ್ವೇನೋ?" "ತಾತ ಹೊಲದಲ್ಲಿ ದುಡೀತಿದ್ದರಮ್ಮ, ಅಪ್ಪ ಕೂತೇ ಇರ್ತಾರೆ." ಅವನ ಆ ಮಾತೂ ಸುಳ್ಳಲ್ಲ.

ಈ ಜಗಳದಲ್ಲಿ ಇಬ್ಬರ ಹತ್ತಿರವೂ ಅರ್ಧರ್ಧ ಸತ್ಯ ಇತ್ತು. ಕಾಯಿಲೆ ಎರಡು, ಕಾರಣವೂ ಎರಡು ಇರಬಹುದು ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಕೊನೆಗೆ ಮಗನೇ ಗೆದ್ದ. ಅಪ್ಪ, ಮಗಳು ಇಬ್ಬರೂ ಎಲ್ಲ ಧಾನ್ಯ ಬಿಟ್ಟರು. ಮೊಟ್ಟೆ, ಪನೀರ್, ಬಾದಾಮಿ, ತರಕಾರಿ, ಇಷ್ಟೇ. ಆದರೆ ಅಪ್ಪನ ಮಾತ್ರೆ ಹಾಗೇ ಮುಂದುವರಿಯಿತು. ವೈದ್ಯರಿಗೆ ಒಂದು ಮಾತು ಹೇಳಬೇಕು ಅಂತ ಯಾರಿಗೂ ಅನಿಸಲಿಲ್ಲ.

ಒಂಬತ್ತನೇ ದಿನ ಬೆಳಗಿನ ಜಾವ ಅಪ್ಪ ಬೆವತು ತೊಯ್ದುಹೋಗಿದ್ದರು. ಹೆಂಡತಿಯನ್ನೇ ಗುರುತು ಹಿಡಿಯಲಿಲ್ಲ. ಸಕ್ಕರೆ ನೋಡಿದರೆ 48. ಆಸ್ಪತ್ರೆಯಲ್ಲಿ ಗ್ಲುಕೋಸ್ ಹಾಕಿದ ಮೇಲೆ ಎದ್ದು ಕೂತರು. ಗ್ಲಿಮೆಪಿರೈಡ್ ಮಾಡುವ ಕೆಲಸ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವುದು. ನೀವು ಊಟ ಮಾಡಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಊಟದ ಹಿಟ್ಟಿನ ಅಂಶ ಒಮ್ಮೆಲೇ ತೆಗೆದು ಈ ಮಾತ್ರೆ ಹಾಗೇ ಬಿಟ್ಟರೆ ಸಕ್ಕರೆ ಹೀಗೆ ಕುಸಿಯುತ್ತದೆ. ಇದನ್ನು ಓದುತ್ತಿರುವವರ ಮನೆಯಲ್ಲಿ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ, ಪಥ್ಯ ಬದಲಾಯಿಸುವ ಮೊದಲು ವೈದ್ಯರ ಹತ್ತಿರ ಮಾತ್ರೆಯ ಪ್ರಮಾಣ ಕೇಳಿ. ಈ ಒಂದು ಮಾತಿಗಾಗಿಯೇ ಇದನ್ನು ಬರೆಯಬಹುದಿತ್ತು.

ಅಪ್ಪನಿಗೆ ಮತ್ತೆ ಚಪಾತಿ ಶುರುವಾಯಿತು. ಮಗಳಿಗೆ ಮಾತ್ರ ಮೂರು ವಾರದಲ್ಲಿ ಹೊಟ್ಟೆ ಹಗುರವಾಗಿತ್ತು. ಅವಳು ಗೋಧಿ ಮುಟ್ಟಲೇ ಇಲ್ಲ.

ಮೊದಲು ಎರಡನ್ನೂ ಬೇರೆ ಮಾಡಿದೆವು

ಮುಂದಿನ ತಿಂಗಳು ಅಪ್ಪ ಅಮ್ಮ ನನ್ನ ಹತ್ತಿರ ಬಂದರು. ಅಮ್ಮನಿಗೆ ನಾನು ಕೇಳಿದ್ದು ಇಷ್ಟೇ: "ಚಪಾತಿ ಲಟ್ಟಿಸುತ್ತೀರಿ, ರಾಗಿರೊಟ್ಟಿ ತಟ್ಟುತ್ತೀರಿ. ಯಾಕಮ್ಮ?" "ರಾಗಿ ಹಿಟ್ಟು ಲಟ್ಟಿಸಿದರೆ ಹರಿದುಹೋಗುತ್ತಲ್ಲ ಮೇಡಂ" ಅಂದರು. ಅದೇ ಗ್ಲುಟನ್. ಗೋಧಿಯನ್ನು ನೀರು ಹಾಕಿ ನಾದಿದಾಗ ಬರುವ ಆ ಜಿಗುಟು, ಒಬ್ಬಟ್ಟಿನ ಕಣಕವನ್ನು ಹಿಡಿದು ಎಳೆದರೆ ಹರಿಯದೆ ಉದ್ದವಾಗುವ ಆ ಗುಣ. ಅದು ಪ್ರೋಟೀನು, ಗೋಧಿಯ ಪ್ರೋಟೀನಿನಲ್ಲಿ ಮುಕ್ಕಾಲು ಭಾಗ ಅದೇ. ಬಾರ್ಲಿಯಲ್ಲೂ ಅದರ ಹತ್ತಿರದ ಬಂಧು ಇದೆ. ರಾಗಿ, ಜೋಳ, ಸಜ್ಜೆ, ನವಣೆ, ಅಕ್ಕಿ, ಇವುಗಳಲ್ಲಿ ಇಲ್ಲ. (ಉಕ್ಕರಿಸಿದ ಅಕ್ಕಿ ಹಿಟ್ಟನ್ನು ಲಟ್ಟಿಸಬಹುದಲ್ಲ ಅಂತ ನೀವು ಕೇಳಬಹುದು. ಅಲ್ಲಿ ಹಿಡಿದಿಡುವುದು ಬೆಂದ ಪಿಷ್ಟ, ಗ್ಲುಟನ್ ಅಲ್ಲ.)

ಕಾರ್ಬೋಹೈಡ್ರೇಟ್ ಅಂದರೆ ಪಿಷ್ಟ, ಸಕ್ಕರೆ. ಅದು ಈ ಎಲ್ಲ ಧಾನ್ಯಗಳಲ್ಲೂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಪಟ್ಟಿ ನೋಡಿದರೆ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ರಾಗಿಯಲ್ಲಿ 67, ಗೋಧಿ ಹಿಟ್ಟಿನಲ್ಲಿ 64. ಅನ್ನ ಬಿಟ್ಟು ನಾಲ್ಕು ಚಪಾತಿ ತಿಂದರೆ ಸಕ್ಕರೆಗೆ ಆಗುವ ವ್ಯತ್ಯಾಸ ಅಷ್ಟಕ್ಕಷ್ಟೇ. ಒಂಬತ್ತು ವರ್ಷ ಈ ಮನೆ ಮಾಡಿದ್ದು ಅದನ್ನೇ.

ಅಪ್ಪನ ತಟ್ಟೆ

ಅಪ್ಪನಿಗೆ ಕಾರ್ಬ್ ಕೆಟ್ಟದ್ದಾ? ನನ್ನ ಉತ್ತರ: ಅವರು ತಿನ್ನುತ್ತಿದ್ದ ಪ್ರಮಾಣ ಕೆಟ್ಟದ್ದು. ಈ ವಿಷಯದಲ್ಲಿ ಮಗನ ಕಾಳಜಿ ಸರಿಯಾಗಿತ್ತು. ನಮ್ಮ ದೇಶದಲ್ಲಿ ಊಟದಿಂದ ಬರುವ ಶಕ್ತಿಯಲ್ಲಿ ಶೇ. 60ಕ್ಕಿಂತ ಜಾಸ್ತಿ ಕಾರ್ಬ್‌ನಿಂದಲೇ ಬರುತ್ತದೆ. ಸಕ್ಕರೆ ಕಾಯಿಲೆ ಬಗ್ಗೆ ದೇಶದ ಉದ್ದಗಲಕ್ಕೂ ನಡೆದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ 18,000ಕ್ಕೂ ಹೆಚ್ಚು ಜನರ ಆಹಾರದ ಲೆಕ್ಕ ಇಟ್ಟುಕೊಂಡು 2022ರಲ್ಲಿ ಬಂದ ವಿಶ್ಲೇಷಣೆ ಇದನ್ನು ಶೇ. 50ರ ಆಸುಪಾಸಿಗೆ ಇಳಿಸಿ, ಪ್ರೋಟೀನನ್ನು ಶೇ. 20ರ ಹತ್ತಿರ ತರಬೇಕು ಅನ್ನುತ್ತದೆ. 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿ ಧಾನ್ಯಗಳಿಂದ ಶೇ. 45ಕ್ಕಿಂತ ಜಾಸ್ತಿ ಶಕ್ತಿ ಬೇಡ ಅನ್ನುತ್ತದೆ. ಎರಡೂ ಕಡೆ ಸೊನ್ನೆ ಮಾಡಿ ಅಂತ ಹೇಳಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರನ್ನು ಕಾರ್ಬ್ ಕಡಿಮೆ, ಕೊಬ್ಬು ಕಡಿಮೆ ಅಂತ ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪು ಸರಾಸರಿ 5ರಿಂದ 6 ಕೆಜಿ ಇಳಿದಿತ್ತು, ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಮೇಷ್ಟ್ರಿಗೆ ಇದನ್ನೆಲ್ಲ ಬಾಯಲ್ಲಿ ಹೇಳಿದರೆ ನಂಬುವವರಲ್ಲ. ಸಕ್ಕರೆ ನೋಡುವ ಮೀಟರ್ ಕೊಟ್ಟು, "ಊಟ ಆಗಿ ಎರಡು ಗಂಟೆಗೆ ನೋಡಿ ಬರೆಯಿರಿ ಸರ್" ಅಂದೆ. ಅಚ್ಚುಕಟ್ಟಾಗಿ ಗೆರೆ ಹಾಕಿದ ನೋಟ್‌ಬುಕ್ ತಂದರು. ನಾಲ್ಕು ಚಪಾತಿ, ಆಲೂಗಡ್ಡೆ ಪಲ್ಯ: 236. ದೊಡ್ಡ ಮುದ್ದೆ, ತಿಳಿಸಾರು: 228. ಅರ್ಧ ಮುದ್ದೆ, ಗಟ್ಟಿಯಾದ ಹುರುಳಿಕಾಳು ಬಸ್ಸಾರು, ಒಂದು ಬಟ್ಟಲು ಸೊಪ್ಪಿನ ಪಲ್ಯ, ಮೊಸರು: 164. ಕೆಳಗೆ ಕೆಂಪು ಶಾಯಿಯಲ್ಲಿ ತಾವೇ ಬರೆದಿದ್ದರು, "ಧಾನ್ಯ ಯಾವುದು ಅನ್ನುವುದಕ್ಕಿಂತ ಎಷ್ಟು ಅನ್ನುವುದು ಮುಖ್ಯ."

ನಡುವೆ ಮಗ ಬೆಂಗಳೂರಿಂದ ಗ್ಲುಟನ್ ಫ್ರೀ ಬಿಸ್ಕತ್ತು ಕಳಿಸಿದ್ದ. ಆರೋಗ್ಯಕ್ಕೆ ಒಳ್ಳೆಯದು ಅಂತ ಅಪ್ಪ ಐದು ತಿಂದರು. 241. ಪ್ಯಾಕೆಟ್ ತಿರುಗಿಸಿ ನೋಡಿದರೆ ಅಕ್ಕಿ ಹಿಟ್ಟು, ಪಿಷ್ಟ, ಸಕ್ಕರೆ. ಗ್ಲುಟನ್ ಇಲ್ಲ ಅನ್ನುವುದು ನಿಜವೇ, ಅಪ್ಪನಿಗೆ ಅದರಿಂದ ಏನೂ ಪ್ರಯೋಜನ ಇರಲಿಲ್ಲ ಅಷ್ಟೇ. ಆ ಐದು ಬಿಸ್ಕತ್ತಿನಿಂದ ಮನೆಯವರಿಗೆ ಅರ್ಥವಾದಷ್ಟು ನನ್ನ ವಿವರಣೆಯಿಂದ ಆಗಿರಲಿಲ್ಲ.

ವೈದ್ಯರು ಗ್ಲಿಮೆಪಿರೈಡ್ ಮೊದಲು ಅರ್ಧ ಮಾಡಿ, ಆಮೇಲೆ ನಿಲ್ಲಿಸಿದರು. ಆರು ತಿಂಗಳಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 8.6ರಿಂದ 7.1ಕ್ಕೆ ಬಂತು. ಸಂಜೆ ನಲವತ್ತು ನಿಮಿಷದ ನಡಿಗೆಗೂ ಇದರಲ್ಲಿ ಪಾಲಿದೆ.

ಮಗಳ ರಿಪೋರ್ಟು

ಕಾರ್ತಿಕ ಮಾಸದಲ್ಲಿ ಅಮ್ಮ ಮಗಳನ್ನು ಕರೆತಂದರು. 41 ಕೆಜಿ. ಗೋಧಿ ಮಾತ್ರ ಬಿಡಬೇಕಾದ ಕಡೆ ಅನ್ನ, ರಾಗಿ, ಹಣ್ಣಿಗೂ ಹೆದರಿ ಕೂತಿದ್ದಳು. ಕೈಯಲ್ಲೊಂದು ರಿಪೋರ್ಟ್: ಟಿಟಿಜಿ-ಐಜಿಎ, ಮಿತಿಯೊಳಗೆ. ಗ್ಲುಟನ್‌ನಿಂದ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆ ಇದೆಯಾ ಅಂತ ನೋಡುವ ರಕ್ತಪರೀಕ್ಷೆ ಇದು. "ಏನೂ ಇಲ್ಲ ಅಂತ ಬಂದಿದೆ ಮೇಡಂ. ಇನ್ನು ಚಪಾತಿ ತಿನ್ನು ಅಂತ ನೀವೇ ಹೇಳಿ ಇವಳಿಗೆ."

ನಾನು ಹೇಳಿಯೂ ಬಿಡುತ್ತಿದ್ದೆ. ದಕ್ಷಿಣದಲ್ಲಿ ಸೀಲಿಯಾಕ್ ಅಪರೂಪ ಅನ್ನೋದು ನನ್ನ ತಲೆಯಲ್ಲೂ ಕೂತಿತ್ತು. ಪೆನ್ನು ತೆಗೆದು ಪಥ್ಯದ ಚೀಟಿ ಬರೆಯಲು ಶುರು ಮಾಡಿದ್ದೆ. ಅಮ್ಮ ಗೊಣಗಿದರು: "ಎಂಟು ತಿಂಗಳಿಂದ ಇವಳೊಬ್ಬಳಿಗೆ ಬೇರೆ ಅಡುಗೆ ಮಾಡಿ ಸಾಕಾಗಿದೆ." ಪೆನ್ನು ಕೆಳಗಿಟ್ಟೆ. "ನೀನು ಗೋಧಿ ಕೊನೆಗೆ ಯಾವಾಗ ತಿಂದೆಯಮ್ಮ?" "ಯುಗಾದಿಗೆ, ಒಬ್ಬಟ್ಟು."

ಈ ಪರೀಕ್ಷೆ ನೋಡುವುದು ಗ್ಲುಟನ್ ಹೊಟ್ಟೆಗೆ ಬಿದ್ದಾಗ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳನ್ನು. ಗೋಧಿ ಬಿಟ್ಟು ತಿಂಗಳುಗಳಾದರೆ ಅವು ಇಳಿದುಹೋಗುತ್ತವೆ. ಎಂಟು ತಿಂಗಳು ಬಿಟ್ಟವಳ ರಕ್ತದಲ್ಲಿ ಏನೂ ಕಾಣದಿದ್ದರೆ ಅದರಿಂದ ಏನೂ ಹೇಳಲು ಬರುವುದಿಲ್ಲ. ರಕ್ತ ಕೊಡುವ ದಿನ ಅವಳಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಹೊಟ್ಟೆ-ಕರುಳಿನ ತಜ್ಞ ವೈದ್ಯರ ಹತ್ತಿರ ಕಳಿಸಿದೆ. ಮೊದಲು ಎಚ್‌ಎಲ್‌ಎ ಜೀನ್ ಪರೀಕ್ಷೆ ಆಯಿತು. ಡಿಕ್ಯೂ2, ಡಿಕ್ಯೂ8 ಅನ್ನುವ ಜೀನ್ ಬಗೆಗಳು ಎರಡೂ ಇಲ್ಲದವರಿಗೆ ಸೀಲಿಯಾಕ್ ಬರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಗ ಅಲ್ಲಿಗೇ ಮುಗಿಸಬಹುದಿತ್ತು. ಇವಳಿಗೆ ಡಿಕ್ಯೂ2 ಇತ್ತು. ಅದರಿಂದ ಕಾಯಿಲೆ ಖಚಿತವೂ ಆಗುವುದಿಲ್ಲ, ಮೂರರಲ್ಲಿ ಒಬ್ಬರಿಗೆ ಈ ಜೀನ್‌ಗಳು ಇರುತ್ತವೆ. ಉತ್ತರ, ಈಶಾನ್ಯ, ದಕ್ಷಿಣ ಭಾರತದ 23,000 ಜನರ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಜೀನ್ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಪ್ರತಿಕಾಯ ಮಾತ್ರ ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಜಾಸ್ತಿ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಷ್ಟೇ. ಉತ್ತರದವರು ಗೋಧಿ ತಿನ್ನುವುದು ನಮಗಿಂತ ಎಷ್ಟೋ ಪಟ್ಟು ಜಾಸ್ತಿ. ಇದನ್ನು ಓದುವಾಗ ಮುದ್ದೆ ಬಿಟ್ಟು ಗೋಧಿಗೆ ಹೊರಳಿದ ಈ ಮನೆಯೇ ನನ್ನ ಕಣ್ಣ ಮುಂದೆ ಬಂತು. ಅವಳಿಗೆ ಅದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಯೋಚನೆಯಂತೂ ಬಿಡಲಿಲ್ಲ.

ಈಗ ಕಷ್ಟದ ನಿರ್ಧಾರ. ಸರಿಯಾದ ಉತ್ತರ ಬೇಕಾದರೆ ಅವಳು ಮತ್ತೆ ಆರು ವಾರ ದಿನಕ್ಕೆ ಎರಡು ಹೊತ್ತು ಗೋಧಿ ತಿನ್ನಬೇಕು. "ತಿಂದರೆ ಆಗಲ್ಲ ಅಂತ ಗೊತ್ತಲ್ಲ, ಸುಮ್ನೆ ಬಿಟ್ಟರೆ ಆಗಲ್ವಾ?" ಅಂದಳು. ನ್ಯಾಯವಾದ ಪ್ರಶ್ನೆ. ಸೀಲಿಯಾಕ್ ಆಗಿದ್ದರೆ ಜೀವನಪೂರ್ತಿ, ಚಿಟಿಕೆಯಷ್ಟೂ ತಪ್ಪದ ಪಥ್ಯ ಬೇಕು. ಮೂಳೆ ನೋಡಬೇಕು, ಥೈರಾಯ್ಡ್ ನೋಡಬೇಕು, ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು. ಇಲ್ಲದಿದ್ದರೆ ಅಷ್ಟು ಕಟ್ಟುನಿಟ್ಟು ಬೇಕಾಗುವುದೇ ಇಲ್ಲ. ಎರಡು ದಾರಿಗೂ ಇಷ್ಟು ಅಂತರ ಇರುವಾಗ ಊಹೆಯ ಮೇಲೆ ಬದುಕು ಕಟ್ಟಬಾರದು ಅಂತ ನನಗೆ ಅನಿಸಿತು, ಅದನ್ನೇ ಹೇಳಿದೆ.

ಒಪ್ಪಿದಳು. ಎರಡನೇ ವಾರ ರಾತ್ರಿ ಹತ್ತಕ್ಕೆ ಫೋನು, ಅಳು. "ಸಾಕು ಮೇಡಂ." ವೈದ್ಯರ ಜೊತೆ ಮಾತಾಡಿ ದಿನಕ್ಕೆ ಎರಡು ಚಪಾತಿಯನ್ನು ಒಂದಕ್ಕೆ ಇಳಿಸಿದೆವು, ನಿಲ್ಲಿಸಲಿಲ್ಲ. ಅವಳ ಅಣ್ಣ ಊರಿಗೆ ಬಂದು ಆಫೀಸಿನ ಕೆಲಸವನ್ನು ಮನೆಯಿಂದಲೇ ಮಾಡುತ್ತ ನಾಲ್ಕು ವಾರ ಅವಳ ಜೊತೆ ಇದ್ದ.

ಆರು ವಾರದ ಮೇಲೆ ಟಿಟಿಜಿ ಮಿತಿಯ ನಾಲ್ಕು ಪಟ್ಟು. ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಶುರುವಿನಿಂದ ಚೂರುಗಳನ್ನು ತೆಗೆದು ನೋಡಿದರು. ಆಹಾರದ ಸತ್ವ ಹೀರಲು ಬೆರಳಿನ ಹಾಗೆ ನಿಂತಿರಬೇಕಾದ ಎಸಳುಗಳು ಚಪ್ಪಟೆಯಾಗಿದ್ದವು. ಸೀಲಿಯಾಕ್. ಐದು ವರ್ಷದ ರಕ್ತಹೀನತೆಗೆ ಕೊನೆಗೂ ಕಾರಣ ಸಿಕ್ಕಿತು.

"ಗೋಧಿಯೇ ಕಾರಣ ಅಂತ ಮೊದಲು ಹೇಗೆ ಗೊತ್ತಾಯ್ತು?" ಅಂತ ಕೇಳಿದಳು. ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ ಕಥೆ ಹೇಳಿದೆ. ಅವರಿಗೆ ಗೋಧಿಯ ಮೇಲೆ ಮೊದಲೇ ಅನುಮಾನ ಇತ್ತು. 1944-45ರ ಚಳಿಗಾಲ, ಯುದ್ಧ, ಬ್ರೆಡ್ ಸಿಗದ ಹಸಿವಿನ ದಿನಗಳು. ಆಗ ಈ ಕಾಯಿಲೆಯ ಮಕ್ಕಳು ಸುಧಾರಿಸಿದರು, ಬ್ರೆಡ್ ಮತ್ತೆ ಬಂದಾಗ ಹದಗೆಟ್ಟರು. 1950ರಲ್ಲಿ ಅವರ ಪ್ರಬಂಧ ಬಂತು. ಅವಳು ತುಂಬ ಹೊತ್ತು ಸುಮ್ಮನೆ ಕೂತಿದ್ದಳು.

ಡಬ್ಬಿಗಳ ಶೋಧ

ಗೋಧಿ ಬಿಟ್ಟು ಆರು ತಿಂಗಳಾದರೂ ಟಿಟಿಜಿ ಅಂದುಕೊಂಡಷ್ಟು ಇಳಿಯಲಿಲ್ಲ. ಕದ್ದು ತಿನ್ನುತ್ತಿದ್ದಾಳೆ ಅಂತ ಮನೆಯವರಿಗೆ ಅನುಮಾನ. ನನಗೆ ಅವಳ ಮೇಲೆ ನಂಬಿಕೆ ಇತ್ತು. ಅಡುಗೆಮನೆ ನೋಡಬೇಕು ಅಂತ ಒಂದು ಭಾನುವಾರ ಅವರ ಮನೆಗೆ ಹೋದೆ.

ಎಲ್ಲ ಡಬ್ಬಿಗಳನ್ನೂ ಕೆಳಗಿಳಿಸಿ ನೆಲದ ಮೇಲೆ ಜೋಡಿಸಿದೆವು. ಮೊದಲು ಸಿಕ್ಕಿದ್ದು ಹಿಂಗು. ಹಳದಿ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು: ಗೋಧಿ ಹಿಟ್ಟು. ಅಂಗಡಿಯ ಪುಡಿ ಹಿಂಗು ಅಪ್ಪಟ ಹಿಂಗಲ್ಲ, ಅಂಟಿನ ಜೊತೆ ಹಿಟ್ಟು ಬೆರೆಸಿರುತ್ತಾರೆ. ಎಷ್ಟೋ ಕಂಪನಿಗಳ ಹಿಂಗಿನಲ್ಲಿ ಅದು ಗೋಧಿ ಹಿಟ್ಟೇ. ದಿನಾ ಒಗ್ಗರಣೆಗೆ ಬೀಳುತ್ತಿತ್ತು. ಆಮೇಲೆ ಹಾಲಿಗೆ ಹಾಕುವ ಮಾಲ್ಟ್ ಪುಡಿ, ಬಾರ್ಲಿಯದ್ದು. ಸಂಬಂಧಿಕರು ಕೊಟ್ಟ ಜವೆಗೋಧಿ ರವೆ. "ಇದು ಹಳೇ ಕಾಲದ ಗೋಧಿ, ಏನೂ ಆಗಲ್ಲ ಅಂದಿದ್ದರು" ಅಂದರು ಅಮ್ಮ. ಜವೆಗೋಧಿಯೂ ಗೋಧಿಯೇ, ಅದರಲ್ಲೂ ಗ್ಲುಟನ್ ಇದೆ.

ಅಕ್ಕಿರೊಟ್ಟಿಯ ಹಿಟ್ಟನ್ನು ಉಕ್ಕರಿಸಿ ಲಟ್ಟಿಸುತ್ತಿದ್ದದ್ದು ಚಪಾತಿ ಮಣೆಯ ಮೇಲೆ. ಆ ಮಣೆಯ ಸೀಳಿನಲ್ಲಿ ಹಳೇ ಹಿಟ್ಟು ಬೆಳ್ಳಗೆ ಒಣಗಿ ಕೂತಿತ್ತು. ಕೊನೆಗೆ ರಾಗಿ. "ಮಿಲ್ಲಿಗೆ ಯಾರು ಹೋಗುತ್ತಾರೆ?" "ನಾನೇ" ಅಂದರು ಅಪ್ಪ. "ನಮ್ಮ ಗೋಧಿ ಬೀಸಿ ಆದ ಮೇಲೆ ಅದರಲ್ಲೇ ರಾಗಿ ಹಾಕಿಸುತ್ತೇನೆ." ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಅರ್ಥವಾಯಿತು. ಹಣೆಗೆ ಕೈ ಇಟ್ಟುಕೊಂಡು ಕೂತರು.

ಸೀಲಿಯಾಕ್ ಇರುವವರಿಗೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್, ಅಂದರೆ ಅರ್ಧ ಗ್ರಾಂ ಗೋಧಿ ಹಿಟ್ಟು, ತಿಂಗಳುಗಟ್ಟಲೆ ಬಿದ್ದರೂ ಕರುಳು ಗುಣವಾಗಲು ಬಿಡುವುದಿಲ್ಲ. ಮಿಲ್ಲಿನ ಕಲ್ಲಿನ ಸಂದಿಯಲ್ಲಿ ಉಳಿಯುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಅವಳು ತಪ್ಪೇ ಮಾಡಿರಲಿಲ್ಲ, ಅಲ್ವಾ?

ಅಂದಿನಿಂದ ಮನೆಗೆ ಸಣ್ಣ ಹಿಟ್ಟಿನ ಗಿರಣಿ ಬಂತು, ಅದರಲ್ಲಿ ಗೋಧಿ ಬೀಸುವ ಹಾಗಿಲ್ಲ. ಹೊಸ ಮಣೆ, ಹೊಸ ಲಟ್ಟಣಿಗೆ. ಅಂಗಡಿಯ ತಿಂಡಿ ತೆಗೆದುಕೊಂಡರೆ ಪ್ಯಾಕೆಟ್ ಹಿಂದೆ ಓದಿ, ಗ್ಲುಟನ್ ಫ್ರೀ ಅಂತ ಇದ್ದರೆ ಮಾತ್ರ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಹಾಗೆ ಬರೆಯಬೇಕಾದರೆ ಕೆಜಿಗೆ 20 ಮಿಲಿಗ್ರಾಂ ದಾಟುವಂತಿಲ್ಲ. ಅವಳ ಊಟಕ್ಕೆ ಮುದ್ದೆ, ಅನ್ನ, ಜೋಳದ ರೊಟ್ಟಿ, ಹಣ್ಣು ಎಲ್ಲ ವಾಪಸ್ ಬಂದವು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ತೆಳುವಾಗಿದ್ದ ಅವಳ ಮೂಳೆಗೆ ಅದು ಬೇಕೇ ಬೇಕಿತ್ತು. ಕಾರ್ಬ್ ಅವಳ ಶತ್ರು ಆಗಿರಲೇ ಇಲ್ಲ. ಅಪ್ಪನಿಗೆ ಅರ್ಧ ಮುದ್ದೆ, ಮಗಳಿಗೆ ಒಂದೂವರೆ, ಒಂದೇ ಪಾತ್ರೆಯಿಂದ.

ಹೊಟ್ಟೆ ಉಬ್ಬರ ಅಣ್ಣನಿಗೂ ಇತ್ತು. ಅವನೂ ಆರು ವಾರ ಗೋಧಿ ತಿಂದು ಪರೀಕ್ಷೆ ಮಾಡಿಸಿಕೊಂಡ, ಏನೂ ಇರಲಿಲ್ಲ. ಅವನ ತೊಂದರೆ ಈರುಳ್ಳಿ, ಬೆಳ್ಳುಳ್ಳಿ ಕಡಿಮೆ ಮಾಡಿದಾಗ ಇಳಿಯಿತು. ಇವೆರಡರಲ್ಲೂ ಗೋಧಿಯಲ್ಲೂ ಫ್ರಕ್ಟಾನ್ ಅನ್ನುವ ಒಂದು ಬಗೆಯ ಕಾರ್ಬ್ ಇದೆ. ಗ್ಲುಟನ್ ಆಗುವುದಿಲ್ಲ ಅಂದುಕೊಂಡಿದ್ದ 59 ಜನರ ಮೇಲೆ ನಾರ್ವೆಯಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೊಟ್ಟೆ ಕೆಡಿಸಿದ್ದು ಗ್ಲುಟನ್‌ಗಿಂತ ಫ್ರಕ್ಟಾನೇ ಜಾಸ್ತಿ. ಒಂದೇ ಮನೆಯ ಮೂವರಿಗೆ ಮೂರು ಬೇರೆ ಬೇರೆ ಉತ್ತರ ಸಿಕ್ಕಿತು.

ಈ ವರ್ಷದ ಯುಗಾದಿ ಹೊತ್ತಿಗೆ ಅವಳ ಟಿಟಿಜಿ ಮಿತಿಯೊಳಗೆ ಬಂದಿತ್ತು, ಹಿಮೋಗ್ಲೋಬಿನ್ 12.1, ತೂಕ 49. ಹಬ್ಬದ ಸಂಜೆ ಫೋನ್ ಮಾಡಿದಳು. ಅಮ್ಮ ಅಕ್ಕಿ ಹಿಟ್ಟು ಉಕ್ಕರಿಸಿ ಕಣಕ ಮಾಡಿ, ಬಾಳೆಎಲೆಯ ಮೇಲೆ ಒಬ್ಬಟ್ಟು ತಟ್ಟಿದ್ದರಂತೆ. ಮೊದಲ ನಾಲ್ಕು ಅಂಚು ಹರಿದು ಹೂರಣ ಆಚೆ ಬಂತಂತೆ. ಐದನೆಯದು ಸರಿಯಾಗಿ ಬಂದಾಗ ಅದನ್ನು ಅವಳ ಎಲೆಗೆ ಹಾಕಿದರು, ಹರಿದವನ್ನೆಲ್ಲ ಅಣ್ಣ ತನ್ನ ಎಲೆಗೆ ಹಾಕಿಸಿಕೊಂಡ. ಅಪ್ಪ ಒಂದು ತಿಂದು, ಅವತ್ತು ಅನ್ನ ಬಿಟ್ಟರು.